ಬೂಟಿನೊಳಗಿನ ಕಿತ್ತಳೆ

ಬಾಗಿಲ ಮೇಲೆ ಯಾರೋ ಮುಷ್ಟಿಯಿಂದ ಗುದ್ದಿದರು.

ಬೆನ್ನುಬೆನ್ನಿಗೇ ಗುದ್ದಿ, ಉತ್ತರಕ್ಕೂ ಕಾಯದೆ ಅಂಗಳದ ಜಲ್ಲಿಯ ಮೇಲೆ ಓಡಿದರು. ಸಪ್ಪಳ ಲಾರಿ ರಸ್ತೆಯ ಕಡೆಗೆ ತಿರುಗಿ ನಿಂತುಹೋಯಿತು.

ಸೌಜನ್ಯ ಚಿಲಕ ತೆಗೆಯುವಷ್ಟರಲ್ಲಿ ಅವಳ ತಂದೆ ಹಾಲಸ್ವಾಮಿ ಟಾರ್ಚು ಹಿಡಿದು ಹಿಂದೆ ಬಂದು ನಿಂತಿದ್ದ. ಯಶವಂತನಗರದ ಗಣಿ ಕಾಲೋನಿಯಲ್ಲಿ ಕಂಪನಿ ಬಸ್ಸು ಓಡಿಸುವವನು. ನಿದ್ದೆಗಣ್ಣಿನಲ್ಲಿಯೂ ಗದರಿಸುವ ಗಂಟಲು ಅವನದು.

"ಯಾವನಲೇ ಅವ?"

ಟಾರ್ಚಿನ ಬೆಳಕು ಕೆಳಗಿಳಿದು ಹೊಸ್ತಿಲ ಪಕ್ಕದಲ್ಲಿ ನಿಂತಿತು. ಅದಿರಿನ ಕೆಂಪು ಧೂಳು ಮೆತ್ತಿದ ಪಾದರಕ್ಷೆ ಆ ಕಾಲೋನಿಯಲ್ಲಿ ಯಾರ ಮನೆಯ ಹೊಸ್ತಿಲನ್ನೂ ದಾಟುವುದಿಲ್ಲ. ಪ್ರತಿ ಬಾಗಿಲ ಹೊರಗೂ ಅವುಗಳದೊಂದು ಸಾಲು. ಹಾಲಸ್ವಾಮಿಯ ಕೆಂಪು ಬೂಟುಗಳ ಪಕ್ಕದಲ್ಲಿ ಈಗ ಇನ್ನೊಂದು ಜೊತೆ ಕುಳಿತಿತ್ತು. ಹೊಸದು. ಅಚ್ಚ ಕಪ್ಪು. ಮೂತಿಯೊಳಗೆ ಉಕ್ಕಿನ ತಗಡಿರುವ ಗಣಿಯ ಬೂಟು. ಗಾತ್ರ ಮಾತ್ರ ಚಿಕ್ಕದು.

ಸೌಜನ್ಯ ಅಲ್ಲಿಯೇ ಕುಳಿತು ಬಲಗಾಲನ್ನು ತೂರಿಸಿದಳು. ಬೆರಳಿಗೆ ಏನೋ ದುಂಡಗಿನದು ತಗಲಿತು. ಕೈ ಹಾಕಿ ತೆಗೆದರೆ, ಕಿತ್ತಳೆ ಹಣ್ಣು! ಎಡಗಾಲಿನದರಲ್ಲಿಯೂ ಒಂದು. ಹಣ್ಣುಗಳನ್ನು ತೆಗೆದಿಟ್ಟು ಎದ್ದು ನಿಂತಳು. ಬೂಟು ಅವಳ ಕಾಲನ್ನು ನೋಡಿಯೇ ಹೊಲಿದಂತಿತ್ತು.

"ಅಪ್ಪಾ, ನೀವ ತಂದ್ರೇನು?"

"ನಾ ತಂದಿದ್ರ ನನ್ನ ಮನಿ ಬಾಗಲಾ ನಾನ ಬಡದು ಓಡಿಹೋಗ್ತಿದ್ನೇನು? ಅದೂ ಈ ಮೊಣಕಾಲು ಇಟ್ಕೊಂಡು?"

ಅದು ಡಿಸೆಂಬರ್ ಐದು, ಶನಿವಾರ. ಸೋಮವಾರ ಬೆಳಿಗ್ಗೆ ಸೌಜನ್ಯಳ ಪರೀಕ್ಷೆ. ಆ ಪರೀಕ್ಷೆಗೆ ಅವಳು ಕೂರುತ್ತಾಳೋ ಇಲ್ಲವೋ ಎಂಬುದು ಅವಳ ಕಾಲಿಗೆ ಹೊಂದುವ ಬೂಟಿನ ಮೇಲೆ ನಿಂತಿತ್ತು.

ಗಣಿಯಲ್ಲಿ ಡಂಪರ್ ಓಡಿಸಲು ತರಬೇತಿ ಪಡೆಯುತ್ತಿದ್ದ ಹೆಣ್ಣುಮಕ್ಕಳ ಮೊದಲ ತಂಡದಲ್ಲಿ ಅವಳೊಬ್ಬಳು. ಅವಳಿಗೆ ಚಕ್ರದ ಭಯವಿರಲಿಲ್ಲ, ಇಳಿಜಾರಿನ ಭಯವಿರಲಿಲ್ಲ. ಆದರೆ ಉಗ್ರಾಣದಲ್ಲಿದ್ದ ಬೂಟುಗಳೆಲ್ಲ ಗಂಡಸರ ಅಳತೆಯವು. "ಇರೋದು ಇದ. ಬೇಕಾದ್ರ ಹಾಕ್ಕೋ, ಬ್ಯಾಡಾದ್ರ ಬಿಡು" ಎಂದು ಉಗ್ರಾಣದ ಅಂಜಿನಯ್ಯ ಮೊದಲ ದಿನವೇ ಒಂದು ಜೊತೆಯನ್ನು ಮೇಜಿನ ಮೇಲೆ ಎಸೆದಿದ್ದರು. ಉಳಿದವರು ದಪ್ಪ ಕಾಲುಚೀಲ ಹಾಕಿ ಸರಿದೂಗಿಸಿದರು. ಸೌಜನ್ಯಳ ಕಾಲು ಮಾತ್ರ ಆ ಬೂಟಿನೊಳಗೆ ಬಾವಿಗೆ ಬಿದ್ದ ಚೆಂಬಿನಂತೆ ಅಲ್ಲಾಡುತ್ತಿತ್ತು. ಶುಕ್ರವಾರ ಡಂಪರಿನ ಏಣಿ ಹತ್ತುವಾಗ ಬೂಟು ಕಳಚಿ ಕೆಳಗೆ ಬಿತ್ತು. ಅವಳು ಕಂಬಿಗೆ ಜೋತುಬಿದ್ದು ಉಳಿದಳು.

ಕೆಳಗೆ ನಿಂತಿದ್ದವರು ತರಬೇತಿ ಮೇಸ್ತ್ರಿ ಹಂಪಯ್ಯ. ಹಾರೆಯಂಥ ಸಪೂರ ದೇಹ, ನಗುವನ್ನು ಎಂದೂ ಕಾಣದ ಮುಖ. ಗಣಿಯ ಮುಕ್ಕಾಲು ಪಾಲು ಚಾಲಕರು ಅವರ ಪರೀಕ್ಷೆ ದಾಟಿಯೇ ಬಂದವರು. ಈ ತಿಂಗಳ ಕೊನೆಗೆ ನಿವೃತ್ತಿ. ಸೋಮವಾರದ್ದೇ ಅವರ ಕೊನೆಯ ಪರೀಕ್ಷೆ. ಹೆಣ್ಣುಮಕ್ಕಳ ತಂಡ ಬಂದ ದಿನದಿಂದ ಅವರು ಎಲ್ಲರೆದುರು ಮೂದಲಿಸುತ್ತಲೇ ಇದ್ದರು.

"ಬೂಟೊಂದು ಕಡಿ, ಹುಡುಗಿ ಒಂದು ಕಡಿ!" ಎಂದು ಅಂದೂ ಗರ್ಜಿಸಿದ್ದರು. "ಡಂಪರ್ ಅಂದ್ರ ರೊಟ್ಟಿ ಹಂಚಲ್ಲವ್ವಾ. ಕಾಲಿಗೆ ಹತ್ತೋ ಬೂಟಿದ್ರ ಸೋಮವಾರ ಬಾ. ಇಲ್ಲಂದ್ರ ಬರಬ್ಯಾಡ. ನಿನ್ನ ಜಾಗಾಕ್ಕ ಕಾಯೋರು ಭಾಳ ಮಂದಿ ಅದಾರ."

ಶನಿವಾರವಿಡೀ ಅವಳು ಸಂಡೂರು, ಹೊಸಪೇಟೆಗಳ ಅಂಗಡಿಗಳನ್ನು ಸುತ್ತಿದ್ದಳು. ಅವಳ ಅಳತೆಯ ಉಕ್ಕಿನ ಮೂತಿಯ ಬೂಟು ಎಲ್ಲಿಯೂ ಇರಲಿಲ್ಲ. ಬರಿಗೈಯಲ್ಲಿ ಬಂದು ಮಲಗಿದ ಮೇಲೆ, ಈ ಗುದ್ದು.

*

ಭಾನುವಾರ ಬೆಳಿಗ್ಗೆ ಅವಳು ಬೂಟುಗಳನ್ನು ತೆಗೆದುಕೊಂಡು ಸುರಕ್ಷತಾ ಅಧಿಕಾರಿ ಮನೋಹರನ ಮನೆಗೆ ಹೋದಳು. ಹೊರಗಿನಿಂದ ತಂದ ಯಾವುದೇ ಸಾಮಾನು ಅವನ ಕಣ್ಣಡಿ ಹಾಯದೆ ಗಣಿಯ ಒಳಗೆ ಹೋಗುವಂತಿರಲಿಲ್ಲ. ಎಳೆಯ ವಯಸ್ಸು, ಒಳ್ಳೆಯ ಮನಸ್ಸು, ಆದರೆ ನಿಯಮ ಎಂದರೆ ನಿಯಮ. ಅವನು ಬೂಟನ್ನು ಬಗ್ಗಿಸಿ, ಮೂತಿಯನ್ನು ಸುತ್ತಿಗೆಯಿಂದ ಬಡಿದು, ತಲೆದೂಗಿದ.

"ಮಸ್ತ್ ಅದಾವ. ಕೊಟ್ಟವ್ರು ಯಾರು?"

"ಗೊತ್ತಿಲ್ಲ ಸರ್. ರಾತ್ರಿ ಬಾಗಲಾ ಬಡದು ಇಟ್ಟುಹೋಗ್ಯಾರ."

ಮನೋಹರ ಸುತ್ತಿಗೆಯನ್ನು ಕೆಳಗಿಟ್ಟ. "ಹಂಗಾದ್ರ ಆಗಂಗಿಲ್ಲ."

"ಯಾಕ್ರಿ?"

"ನಮ್ಮ ಗಣಿಯ ಮೂಕಪ್ಪನ ಕಾಲು ನೋಡೀಯಲ್ಲ? ಹೊರಗ ಕೊಂಡ ಬೂಟು, ಉಕ್ಕಿನ ಬದಲಿ ಗಟ್ಟಿ ರಟ್ಟು ಇಟ್ಟಿದ್ರು. ಬಡದು ನೋಡಿದ್ರ ಅದೂ ಹಿಂಗ ಸದ್ದು ಮಾಡ್ತಿತ್ತು. ಕಲ್ಲು ಬಿತ್ತು, ಹೆಬ್ಬೆರಳು ಹೋತು. ಅವತ್ತಿಂದ ಇದ ರೂಲು: ತಂದವ್ರು ತಮ್ಮ ಹೆಸರಿನ ಮ್ಯಾಲೆ ಜವಾಬ್ದಾರಿ ತಗೋಬೇಕು. ಎಲ್ಲಿಂದ ತಂದ್ರು, ಹೆಂಗ ತಂದ್ರು, ಅವರ ಬಾಯಲೇ ಹೇಳ್ಬೇಕು."

"ಮತ್ತ ಅವ್ರು ಹೇಳಾಕ ಒಲ್ಲೆ ಅಂದ್ರ?"

"ಬೂಟು ಬಿಚ್ಚಿಡಬೇಕು. ಪರೀಕ್ಷಾ ಬಿಡಬೇಕು." ಅವನು ಬೂಟುಗಳನ್ನು ಅವಳತ್ತ ಸರಿಸಿದ. "ಇನ್ನೊಂದು ಮಾತು, ಸೌಜನ್ಯ. ನಮ್ಮ ಪೈಕಿ ಯಾರರೆ ಕೊಟ್ಟಿದ್ರ ಅವ್ರಿಗೂ ತ್ರಾಸೈತಿ. ಸ್ಟೋರಿನವ್ರಾದ್ರ ಸಾಮಾನು ಕದ್ದು ಕೊಟ್ಟಂಗ. ಟ್ರೈನಿಂಗಿನವ್ರಾದ್ರ ಪರೀಕ್ಷಾ ನಡೆಸಂಗಿಲ್ಲ, ಬ್ಯಾರೆ ಗಣಿಯವ್ರನ್ನ ಕರಸಬೇಕು. ಅದಕ್ಕ, ಗುಟ್ಟಾಗಿ ಕೊಟ್ಟವ್ರು ಸುಮ್ಮನ ಗುಟ್ಟು ಮಾಡಿರಂಗಿಲ್ಲ."

ಸೋಮವಾರ ಬೆಳಗಿನವರೆಗೆ ಅವಳಿಗಿದ್ದ ಸಮಯ ಒಂದು ಹಗಲು.

ಮೊದಲ ಸಂಶಯ ತಾಯಿಯ ತವರೂರು ಕಂಪ್ಲಿಯ ಮೇಲೆ. ತಾಯಿ ಕೊಟ್ರಮ್ಮ ಭತ್ತದ ಸುಗ್ಗಿಗೆಂದು ತವರಿಗೆ ಹೋಗಿದ್ದಳು. ಅಕ್ಕಿ ಗಿರಣಿಯ ಸೋದರಮಾವ ಮುರುಗೇಶನಿಗೆ ಕೈ ಧಾರಾಳ. ಸೌಜನ್ಯ ಫೋನು ಹಚ್ಚಿದಳು.

"ಬೂಟಾ?" ಗಿರಣಿಯ ಸದ್ದನ್ನು ಮೀರಿಸಿ ಕೊಟ್ರಮ್ಮ ಕೂಗಿದಳು. "ನಾ ಇಡೋದಾಗಿದ್ರ ಸೀರಿ ಇಡ್ತಿದ್ದೆ. ನಿನ್ನ ಮಾವ ಅಂತೂ ತನ್ನ ಚಪ್ಪಲಿನ ಎಲ್ಲಿ ಬಿಟ್ಟಾನಂತ ಮುಂಜಾನಿಂದ ಹುಡುಕಾಕತ್ಯಾನ."

ಸೌಜನ್ಯ ಫೋನನ್ನಿಟ್ಟು ಕಿತ್ತಳೆಗಳನ್ನು ನೋಡಿದಳು. ಬೂಟು ಕೊಡುವವರು ಬೂಟು ಕೊಡಲಿ. ಅದರ ಮೂತಿಯಲ್ಲಿ ಹಣ್ಣು ತುರುಕುವವರು ಯಾರು? ಇಂಥ ವಿಚಿತ್ರಗಳನ್ನು ಬಲ್ಲವಳು ಅವಳ ಬಳಗದಲ್ಲಿ ಒಬ್ಬಳೇ ಇದ್ದಳು.

*

ಚಿಕ್ಕಮ್ಮ ಶೈಲಜಾ ಹಂಪಿಯಲ್ಲಿ ಪ್ರವಾಸಿಗರಿಗೆ ಮಾರ್ಗದರ್ಶಿ. ಹೊಸಪೇಟೆಯಲ್ಲಿ ಬಸ್ಸು ಬದಲಿಸುವಾಗ ಬೇಕರಿಯೊಂದರ ಬಾಗಿಲಲ್ಲಿ ಹತ್ತಿಯ ಗಡ್ಡ ಅಂಟಿಸಿಕೊಂಡ ರಟ್ಟಿನ ಕ್ರಿಸ್ಮಸ್ ತಾತ ಹೊಟ್ಟೆ ಮುಂದೆ ಮಾಡಿ ನಿಂತಿದ್ದ. ಸೌಜನ್ಯ ಅವನತ್ತ ಕಣ್ಣು ಹಾಯಿಸಿದಳು, ಅಷ್ಟೆ. ಕ್ರಿಸ್ಮಸ್ ಇನ್ನೂ ದೂರವಿತ್ತು.

ಶೈಲಜಾ ವಿದೇಶಿಯರ ಗುಂಪೊಂದನ್ನು ಆಗಷ್ಟೇ ಬೀಳ್ಕೊಟ್ಟು, ಹೊಳೆಯ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದಳು. ಕಥೆಯನ್ನು ಕೇಳಿ, ಕಿತ್ತಳೆಯನ್ನು ಮೂಸಿ, ಥಟ್ಟನೆ ಕೇಳಿದಳು: "ಯಾವತ್ತು ರಾತ್ರಿ?"

"ನಿನ್ನೆ."

"ಐದನೇ ತಾರೀಖು! ಬಾಗಲಾ ಬಡದು ಓಡಿದ್ರು? ಬೂಟಿನ್ಯಾಗ ಕಿತ್ತಳೆ?" ಶೈಲಜಾ ಚಹಾದ ಲೋಟವನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. "ಕುಂದ್ರು. ನಿನ್ನ ಕಳ್ಳ ಯಾರ ಶಿಷ್ಯ ಅಂತ ಹೇಳ್ತೀನಿ."

"ಯಾರ ಶಿಷ್ಯ?"

"ಹೊಸಪೇಟಿ ಬೇಕರಿ ಮುಂದ ಕ್ರಿಸ್ಮಸ್ ತಾತ ನಿಂತಾನಲ್ಲ, ಅವನ ಮುತ್ತಜ್ಜನ ಶಿಷ್ಯ. ಆ ಹೊಟ್ಟಿ, ಆ ಜಿಂಕಿಬಂಡಿ ಎಲ್ಲಾ ಭಾಳ ಈಚಿನವು. ಮೂಲಪುರುಷ ಬ್ಯಾರೇನ ಅದಾನ."

ಹದಿನೇಳು ಶತಮಾನಗಳ ಹಿಂದೆ, ಇಂದಿನ ಟರ್ಕಿಯ ಕಡಲ ದಂಡೆಯಲ್ಲಿ ಮೈರಾ ಎಂಬ ಊರಿತ್ತು. ಅಲ್ಲಿಯ ಬಿಷಪ್ ನಿಕೋಲಸ್. ಅವನ ಬಗ್ಗೆ ಚರಿತ್ರೆ ಖಚಿತವಾಗಿ ಹೇಳುವುದು ಬಹಳ ಕಡಿಮೆ. ಜನರ ನೆನಪು ಹೇಳುವುದು ಬಹಳ ಹೆಚ್ಚು. ಆ ನೆನಪಿನ ಪ್ರಕಾರ ಅವನು ಉಪವಾಸಗಳಿಂದ ಸೊರಗಿದ ಮನುಷ್ಯ. ಅವನೂರಿನಲ್ಲಿ ಮೂವರು ಹೆಣ್ಣುಮಕ್ಕಳ ತಂದೆಯೊಬ್ಬ ಎಲ್ಲವನ್ನೂ ಕಳೆದುಕೊಂಡು, ಮಕ್ಕಳನ್ನು ಮಾರುವ ಸ್ಥಿತಿಗೆ ಬಂದ. ಒಂದು ರಾತ್ರಿ ಆ ಮನೆಯ ಕಿಟಕಿಯಿಂದ ಚಿನ್ನದ ಗಂಟೊಂದು ಒಳಗೆ ಬಿತ್ತು. ಹಿರಿಯಳ ಬದುಕು ಉಳಿಯಿತು. ಮತ್ತೊಂದು ರಾತ್ರಿ ಮತ್ತೊಂದು ಗಂಟು. ಆ ಚಿನ್ನ ಒಣಗಲಿಟ್ಟ ಕಾಲುಚೀಲದೊಳಗೆ ಬಿತ್ತೆಂದು ಕೆಲವರು, ಪಾದರಕ್ಷೆಯೊಳಗೆ ಎಂದು ಕೆಲವರು ಆಮೇಲೆ ಸೇರಿಸಿದರು.

"ಅವ ಸತ್ತ ದಿನ ಡಿಸೆಂಬರ್ ಆರು" ಎಂದಳು ಶೈಲಜಾ. "ಅದಕ್ಕ ಹಾಲೆಂಡಿನಾಗ ಐದರ ರಾತ್ರಿನ ಹಬ್ಬ. ಮಕ್ಕಳು ಬೂಟು ತೆಗದಿಡ್ತಾರ. ಯಾರೋ ಬಂದು ದಬದಬ ಬಾಗಲಾ ಬಡದು ಓಡ್ತಾರ. ಹೊರಗ ಬಂದ್ರ ಉಡುಗೊರೆ! ಬೂಟಿನ್ಯಾಗಿನ ಕಿತ್ತಳೆ ಅಂದ್ರ ಆ ಚಿನ್ನದ ಗಂಟಿನ ಗುರ್ತು. ಹಾಲೆಂಡಿನವ್ರು ಹಡಗು ಹತ್ತಿ ಅಮೆರಿಕಾಕ್ಕ ಹೋದಾಗ ಈ ಮುದುಕನ್ನೂ ಕರಕೊಂಡು ಹೋದ್ರು. ಅಲ್ಲಿಯವ್ರು ಅವನ ಹೆಸರು ತಿರುವಿದ್ರು, ಉಂಡಿ ತಿನ್ನಿಸಿ ಹೊಟ್ಟಿ ಬೆಳೆಸಿದ್ರು, ತಾರೀಖು ಮುಂದ ಹಾಕಿದ್ರು."

"ಅಂದ್ರ ಇದು ಬೇಕರಿ ನೋಡಿ ಕಲ್ತವರ ಕೆಲಸ ಅಲ್ಲ."

"ಹಾಲೆಂಡಿನವ್ರ ಕಡಿಂದನ ಕಲ್ತವರ ಕೆಲಸ."

ಸೌಜನ್ಯ ಎದ್ದು ನಿಂತಳು. ಶೈಲಜಾ ಅವಳ ಕೈ ಹಿಡಿದೆಳೆದಳು. "ಕಥಿ ಮುಗಿದಿಲ್ಲ, ಕೇಳು. ಮೂರನೇ ಮಗಳ ಪಾಳಿ ಬಂದಾಗ ಆ ತಂದಿ ನಿದ್ದಿ ಮಾಡಲಿಲ್ಲ. ಗಂಟು ಬಿದ್ದಕೂಡ್ಲೇ ಹೊರಗ ಓಡಿ, ಕತ್ತಲಾಗ ಬೆನ್ನುಹತ್ತಿ ಹಿಡದ. ನೋಡಿದ್ರ ಬಿಷಪ್! ಅಂವ ಏನು ಕೇಳಿಕೊಂಡ ಗೊತ್ತೇನು? ‘ನಾ ಬದುಕಿರೋತನಕ ಯಾರಿಗೂ ಹೇಳಬ್ಯಾಡ’ ಅಂತ. ನೀನೂ ಹಿಡ್ಯಾಕ ಹೊಂಟೀ. ಹಿಡದ ಮ್ಯಾಲೆ ಏನು ಮಾಡ್ತೀ, ಅದನ್ನೂ ಯೋಚನಿ ಮಾಡ್ಕೋ."

"ಯೋಚನಿ ಮಾಡಾಕ ಟೈಮಿಲ್ಲ ಚಿಕ್ಕಮ್ಮ. ಈ ಕಡೆ ಹಾಲೆಂಡಿನವ್ರು ಎಲ್ಲಿ ಇಳಕೋತಾರ?"

ಶೈಲಜಾ ಆಗಲೇ ಸ್ಕೂಟರಿನ ಕೀಲಿ ತೆಗೆದಿದ್ದಳು. "ಕಡ್ಡಿರಾಂಪುರ. ದುರ್ಗಕ್ಕನ ಮನಿ."

*

ದುರ್ಗಕ್ಕ ರಸ್ತೆಯಂಚಿನ ತನ್ನ ಹೋಮ್‌ಸ್ಟೇಯ ಹಿತ್ತಲಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಸೌಜನ್ಯಳ ಕಾಲಲ್ಲಿದ್ದ ಬೂಟುಗಳನ್ನು ಕಂಡದ್ದೇ ಅವಳ ಕೈ ನಿಂತಿತು. ಮರುಕ್ಷಣ ಮುಖದ ತುಂಬ ನಗು.

"ಸರಿಯಾಗಿ ಹತ್ಯಾವ! ನಾ ಸಣ್ಣವಾಗ್ತಾವ ಅಂದಿದ್ದೆ."

ಆಡಿದ ಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ತಡವಾಗಿತ್ತು.

"ಯಾರು ತಂದ್ರು, ಹೇಳ್ರಿ ಅಕ್ಕಾ" ಎಂದು ಸೌಜನ್ಯ ಅವಳೆದುರು ಕುಕ್ಕರಿಸಿದಳು. ಮನೋಹರನ ನಿಯಮ, ಮೂಕಪ್ಪನ ಹೆಬ್ಬೆರಳು, ಸೋಮವಾರದ ಪರೀಕ್ಷೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಹೆಸರು ಕೇಳಬ್ಯಾಡ. ಆಣಿ ಮಾಡಿಸ್ಯಾನ" ಎಂದಳು ದುರ್ಗಕ್ಕ. ಸ್ವಲ್ಪ ಯೋಚಿಸಿ, "ಹೆಸರಿಗಷ್ಟ ಆಣಿ. ಉಳಿದದ್ದಕ್ಕಿಲ್ಲ" ಎಂದು ಚಾಪೆಯನ್ನು ಎಳೆದು ಹಾಸಿದಳು. "ನಮ್ಮಣ್ಣ ಅಂತ ತಿಳ್ಕೋ, ಸಾಕು."

ಶೈಲಜಾ ನಗು ತಡೆಯಲಾರದೆ ಬಾಳೆಯ ಗಿಡಗಳ ಕಡೆ ಮುಖ ತಿರುಗಿಸಿದಳು.

ಆ ಕಾಲದಲ್ಲಿ ಹೋಮ್‌ಸ್ಟೇ ಎಂಬ ಮಾತೇ ಇರಲಿಲ್ಲವಂತೆ. ಎರಡು ಕೋಣೆ, ಒಂದು ಬಾಳೆತೋಟ. ಹಾಲೆಂಡಿನ ಅಜ್ಜನೊಬ್ಬ ಹೆಂಡತಿಯೊಡನೆ ಹಂಪಿ ನೋಡಲು ಬಂದು ಒಂದು ಕೋಣೆಯಲ್ಲಿ ಉಳಿದ. ಡಿಸೆಂಬರಿನ ಒಂದು ಸಂಜೆ ಮನೆಯವರೆಲ್ಲ ತಂತಮ್ಮ ಚಪ್ಪಲಿಗಳನ್ನು ಬಾಗಿಲಲ್ಲಿ ಸಾಲಾಗಿ ಇಡಬೇಕೆಂದು ಕೈಸನ್ನೆಯಿಂದ ತಿಳಿಸಿದ.

"ಎಲ್ಲಾರೂ ಇಟ್ರು. ನಮ್ಮಣ್ಣಗ ಚಪ್ಪಲಿನ ಇರಲಿಲ್ಲ. ಬುಟ್ಟಿಲೇ ಅದಿರು ಹೊರ್ತಿದ್ದ, ಬರಿಗಾಲಾಗ. ನಾಚಿಕಿಗೆ ಹೊರಗ ನಿಂತಾವ ಒಳಗ ಬರವಲ್ಲ. ಅಜ್ಜ ಅವನ ಕೈ ಹಿಡಕೊಂಡು ಕರಕೊಂಡು ಬಂದ. ಹೊಸ್ತಿಲ ಮುಂದ ಹಸಿ ನೆಲ, ಅದರ ಮ್ಯಾಲೆ ಅಣ್ಣನ ಕೆಂಪು ಹೆಜ್ಜಿ ಮೂಡಿದ್ವು. ಮುಂಜಾನಿ ನೋಡಿದ್ರ ನಮ್ಮ ಚಪ್ಪಲಿ ಒಳಗೆಲ್ಲಾ ಕಿತ್ತಳೆ. ಅಣ್ಣನ ಹೆಜ್ಜಿ ಮ್ಯಾಲೂ ಒಂದೊಂದು ಕಿತ್ತಳೆ!"

ದುರ್ಗಕ್ಕ ಕಣ್ಣೊರೆಸಿಕೊಂಡಳು, ಬೆರಳಿನ ಮೆಣಸಿನಕಾಯಿ ಖಾರ ಕಣ್ಣಿಗೆ ತಗಲಿ, ನೀರು ಇನ್ನಷ್ಟು ಸುರಿಯಿತು. "ಥೂ! ಅಳಾಕೂ ಬಿಡಂಗಿಲ್ಲ ಇದು. ಮರುವರ್ಷ ಅಜ್ಜ ಬಂದಾಗ ಅಣ್ಣಗ ಬೂಟು ತಂದಿದ್ದ. ಆ ಹೆಜ್ಜಿ ಮ್ಯಾಲೆ ದಾರ ಇಟ್ಟು ಅಳತಿ ತಗೊಂಡು ಹೋಗಿದ್ದನಂತ. ಬೂಟು ಬಂದ ಮ್ಯಾಲೆನ ಅಣ್ಣಗ ಕಂಪನಿಯಾಗ ಖಾಯಂ ಕೆಲಸ ಸಿಕ್ಕಿದ್ದು. ಅಜ್ಜ ತೀರಿಕೊಂಡು ಭಾಳ ದಿನ ಆತು. ಈಗ ಐದರ ರಾತ್ರಿ ನಮ್ಮ ಬಾಗಲಾ ಬಡಿಯೋನು ಅಣ್ಣ. ಈ ಸರ್ತಿ ಮಾತ್ರ ನಮ್ಮ ಬಾಗಲಿಗೆ ಬರಲಿಲ್ಲ."

"ನನ್ನ ಅಳತಿ ಅವ್ರಿಗೆ ಹೆಂಗ ಗೊತ್ತಾತು?"

"ಮೊದಲ ದಿನ ಸ್ಟೋರಿನ ಕಟ್ಟಿ ಮ್ಯಾಲೆ ನೀವೆಲ್ಲಾ ಬೂಟು ಹಾಕಿ ನೋಡ್ತಿದ್ರಂತಲ್ಲ. ಧೂಳಿನಾಗ ನಿನ್ನ ಹೆಜ್ಜಿ ಮೂಡಿತ್ತು. ಕಸಬರಿಗಿ ಕಡ್ಡಿ ಮುರದು ಅಳತಿ ತಗೊಂಡು ಬಂದ. ಬಂದರಿಗೆ ಅದಿರು ಒಯ್ಯೋ ಲಾರಿಯವನ ಕೈಲೆ ಚೆನ್ನೈದಿಂದ ತರಿಸಿದ. ಕಾಲೋನಿಯಾಗ ಯಾರೂ ನೋಡಬಾರ್ದಂತ ಗಂಟು ಇಲ್ಲೇ ಇಳಿಸಿದ್ದ. ಎಂಟು ದಿನ ಕೈಯಾಗ ಹಿಡದು ಬಗ್ಗಿಸಿ, ಬಡದು, ನೀರಾಗ ಅದ್ದಿ ನೋಡ್ಯಾನ. ‘ರಟ್ಟಿನದಲ್ಲ ದುರ್ಗೀ, ಉಕ್ಕ ಐತಿ’ ಅಂದ."

"ಹಂಗಿದ್ರ ಎದುರಿಗೆ ಕೊಡಬಹುದಿತ್ತಲ್ಲ?"

"ಕೊಟ್ಟಿದ್ರ ಅವನ ಕೆಲಸಕ್ಕ ಕುತ್ತು. ಮ್ಯಾಲೆ, ಎಲ್ಲಾರ ಎದುರಿಗೆ ಗುರ್ ಅಂತಿದ್ದ ಬಾಯಿ ಅದು. ಈಗ ಹೆಂಗ ತಿರುಗಿಸ್ತಾನ?"

ಸೌಜನ್ಯಳ ಕಣ್ಣ ಮುಂದೆ ಉಗ್ರಾಣದ ಕಟ್ಟೆ ಹಾದುಹೋಯಿತು. ಅಂದು ಅಲ್ಲಿದ್ದವರು, ಗುರುಗುಟ್ಟಿದವರು, ಒಬ್ಬರಲ್ಲ ಇಬ್ಬರು. ದುರ್ಗಕ್ಕ ತೆರೆದ ಬಾಗಿಲೊಳಗಿನ ನಡುಮನೆಯ ಗೋಡೆಯ ಕಡೆಗೆ ಗಲ್ಲ ಎತ್ತಿ ತೋರಿಸಿದಳು. ಅಲ್ಲೊಂದು ಹಳೆಯ ಫೋಟೋ. ಬಿಳಿಗಡ್ಡದ ವಿದೇಶಿ ಅಜ್ಜ. ಪಕ್ಕದಲ್ಲಿ ಬರಿಗಾಲಿನ ಯುವಕ. ಬೂಟುಗಳನ್ನು ಅವನು ಮೆಟ್ಟಿಕೊಂಡಿರಲಿಲ್ಲ, ಎಳೆಗೂಸಿನಂತೆ ಎದೆಗವಚಿಕೊಂಡಿದ್ದ. ಮುಖದ ತುಂಬ ನಗು. ಆ ನಗುವನ್ನು ಸೌಜನ್ಯ ಎಂದೂ ಕಂಡಿರಲಿಲ್ಲ. ಆದರೆ ಹುಬ್ಬುಗಳು? ಅವನ್ನು ದಿನವೂ ಕಂಡಿದ್ದಳು.

ಅವಳು ಒಳಗೆ ಹೋಗಿ ಫೋಟೋದ ಗಾಜನ್ನು ಬೆರಳಿನಿಂದ ಒರೆಸಿ ನೋಡಿದಳು.

"ಗುರ್ತು ಹತ್ತಿತೇನು?" ಶೈಲಜಾ ಕೇಳಿದಳು.

"ಹತ್ತಿತು."

"ಯಾರು?"

ಸೌಜನ್ಯ ತಲೆ ಅಲ್ಲಾಡಿಸಿದಳು. ಹುಡುಕುವುದು ಕಷ್ಟವೆಂದು ಬೆಳಿಗ್ಗೆ ಅಂದುಕೊಂಡಿದ್ದಳು. ಸಿಕ್ಕಿದ ಮೇಲಿನ ಕಷ್ಟ ಅದಕ್ಕಿಂತ ದೊಡ್ಡದಾಗಿತ್ತು. ಹೆಸರು ಹೇಳಿದರೆ ಅವಳಿಗೆ ಪರೀಕ್ಷೆ. ಆ ಮನುಷ್ಯನಿಗೆ ಕಟ್ಟಕಡೆಗೆ ತಲೆತಗ್ಗಿಸುವ ದಿನ. ಹೇಳದಿದ್ದರೆ ಅವರು ಉಳಿಯುತ್ತಾರೆ. ಡಂಪರಿನ ಏಣಿ ಅವಳ ಪಾಲಿಗೆ ಇಲ್ಲ.

*

ಸೋಮವಾರ ಬೆಳಿಗ್ಗೆ ಗಣಿಯ ಗೇಟಿನಲ್ಲಿ ಚಳಿ, ಧೂಳು, ಡೀಸೆಲ್ಲಿನ ವಾಸನೆ. ಮೇಜಿನ ಹಿಂದೆ ಮನೋಹರ ಪೆನ್ನು ತೆರೆದು ಕುಳಿತಿದ್ದ. ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಹೋದರು. ಶಿಫ್ಟು ಮುಗಿಸಿದವರು, ಶಿಫ್ಟಿಗೆ ಬಂದವರು, ಉಗ್ರಾಣದವರು, ತರಬೇತಿಯವರು, ಹೆಲ್ಮೆಟ್ಟುಗಳ ಗುಂಪೊಂದು ತಮಾಷೆ ನೋಡಲು ಸುತ್ತ ನೆರೆದಿತ್ತು. ಬಸ್ಸನ್ನು ನಿಲ್ಲಿಸಿ ಹಾಲಸ್ವಾಮಿಯೂ ಬಂದು ನಿಂತ.

"ಕೊಟ್ಟವ್ರ ಹೆಸರು ಸಿಕ್ತೇನು, ಸೌಜನ್ಯ?"

"ಸಿಕ್ತು ಸರ್."

"ಹೇಳು, ಅವ್ರನ್ನ ಕರಸಿ ಬರ್ಕೋತೀನಿ."

"ಹೇಳಂಗಿಲ್ಲ ಸರ್."

ಮನೋಹರ ತಲೆಯೆತ್ತಿದ. "ಹೇಳದಿದ್ರ ಏನಾಗ್ತದ ಗೊತ್ತಲ್ಲ? ಮುಂದಿನ ಬ್ಯಾಚು ಯಾವಾಗಂತ ನನಗೂ ಗೊತ್ತಿಲ್ಲ."

"ಗೊತ್ತೈತ್ರಿ. ಅವ್ರು ಹೇಳಬಾರ್ದಂತ ಕೊಟ್ಟಾರ. ನಾ ಹೆಂಗ ಹೇಳ್ಲಿ?" ಸೌಜನ್ಯ ನೆಲದ ಮೇಲೆ ಕುಳಿತು ಬಲಗಾಲಿನ ಲಾಡಿ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ಬೇಗ ಸಡಿಲವಾಗಲಿಲ್ಲ.

"ಬರ್ಕೋರಿ ಸಾಹೇಬ್ರ!" ಹಾಲಸ್ವಾಮಿ ಮುಂದೆ ನುಗ್ಗಿದ. "ಹಾಲಸ್ವಾಮಿ ಅಂತ ಬರ್ಕೋರಿ. ನಾನ ತಂದೀನಿ."

"ಯಾವ ಅಂಗಡಿಯಾಗ?"

"ಅಂಗಡಿ... ಅಂಗಡಿಯಾಗರಿ."

ಗುಂಪಿನಲ್ಲಿ ಯಾರೋ ನಕ್ಕರು. ಹಾಲಸ್ವಾಮಿ ನಗಲಿಲ್ಲ. "ನಾ ತರಬೇಕಿತ್ತ್ರಿ" ಎಂದ, ದನಿ ತಗ್ಗಿಸಿ. "ಇಷ್ಟು ದಿನ ಮಗಳ ಕಾಲು ನೋಡೇ ಇರಲಿಲ್ಲ ನಾನು. ಈಗರೆ ನನ್ನ ಹೆಸರು ಹಾಕ್ರಿ."

"ಅಪ್ಪಾ, ಸುಳ್ಳು ಬ್ಯಾಡ. ಇದು ಕಾಲಿನ ವಿಚಾರ, ಜೀವದ್ದು" ಎಂದಳು ಸೌಜನ್ಯ. ಗಂಟು ಬಿಚ್ಚಿತು. ಬೂಟನ್ನು ಕಳಚಿ, ಕೆಂಪು ಮಣ್ಣಿನ ಮೇಲೆ ಬರಿಗಾಲನ್ನಿಟ್ಟಳು.

ಹೆಲ್ಮೆಟ್ಟುಗಳ ಗುಂಪು ಇಬ್ಭಾಗವಾಯಿತು. ಒಬ್ಬರು ಬಂದು, ಬಾಗಿ, ಆ ಬೂಟನ್ನೆತ್ತಿ ಧೂಳು ಕೊಡವಿ ಅವಳ ಕಾಲ ಬಳಿ ಇಟ್ಟರು. ಆಮೇಲೆ ಮನೋಹರನ ಕೈಯಿಂದ ಪೆನ್ನು ಕಿತ್ತುಕೊಂಡು ಕಾಗದದ ಮೇಲೆ ಒತ್ತಿ ಬರೆದರು. ಸೌಜನ್ಯ ತಲೆಯೆತ್ತಿ ನೋಡಲಿಲ್ಲ. ಅವಳ ಕಣ್ಣು ತುಂಬಿತ್ತು.

"ಹೂಂ, ಓದ್ರಿ" ಎಂದಿತು ಒರಟು ದನಿ. "ಜೋರಾಗಿ ಓದ್ರಿ, ಎಲ್ಲಾರಿಗೂ ಕೇಳ್ಲಿ. ಬ್ಯಾರೆ ಗಣಿಯವ್ರನ್ನ ಜಲ್ದಿ ಕರಸ್ರಿ, ಹುಡುಗಿ ಏಣಿ ಹತ್ತಬೇಕು."

ಮನೋಹರ ಕಾಗದವನ್ನು ನೋಡಿದ, ಬರೆದವರ ಮುಖವನ್ನು ನೋಡಿದ, ಮತ್ತೆ ಕಾಗದವನ್ನು ನೋಡಿದ. ಎದ್ದು ನಿಂತು ಓದಿದ.

"ಹಂಪಯ್ಯ, ತರಬೇತಿ ಮೇಸ್ತ್ರಿ."